270 ಪಾರ್ಕ್ ಅವೆನ್ಯೂ: ನ್ಯೂಯಾರ್ಕಿನ ಸ್ಮಾರಕ ಸಂರಕ್ಷಣಾ ಆಯೋಗಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಸ್ಮಾರಕ ಸಂರಕ್ಷಣಾ ಆಯೋಗ,
ನ್ಯೂಯಾರ್ಕ್ ನಗರ

ವಿಷಯ: ಸ್ಮಾರಕಗಳಿಂದ ಅಭಿವೃದ್ಧಿ ಹಕ್ಕನ್ನು (ಸ್ಮಾರಕದ ಮೇಲೆ ಕಟ್ಟಲಾಗದ ಚದರ ಅಡಿಗಳನ್ನು ಬೇರೆ ನಿವೇಶನದಲ್ಲಿ ಕಟ್ಟುವ ಹಕ್ಕನ್ನು) ವರ್ಗಾಯಿಸುವ ಮುನ್ನ, ಆ ಹಕ್ಕನ್ನು ಪಡೆಯುವ ನಿವೇಶನದಲ್ಲಿ ನಿಂತಿರುವ ಕಟ್ಟಡದ ಬಗ್ಗೆಯೂ ಬಹಿರಂಗ ವಿಚಾರಣೆ ನಡೆಸಬೇಕೆಂಬ ಮನವಿ.

ಮಾನ್ಯರೇ,

2025ರ ಅಕ್ಟೋಬರ್ ತಿಂಗಳಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕು ಮ್ಯಾನ್‌ಹಟನ್ನಿನ 270 ಪಾರ್ಕ್ ಅವೆನ್ಯೂ ವಿಳಾಸದಲ್ಲಿ ತನ್ನ ಹೊಸ ಮುಖ್ಯ ಕಚೇರಿಯನ್ನು ಉದ್ಘಾಟಿಸಿತು. ಫಾಸ್ಟರ್ ಆ್ಯಂಡ್ ಪಾರ್ಟ್‌ನರ್ಸ್ ಸಂಸ್ಥೆ ವಿನ್ಯಾಸ ಮಾಡಿದ 60 ಅಂತಸ್ತಿನ, 423 ಮೀಟರ್ ಎತ್ತರದ ಆ ಗೋಪುರದ ಉಕ್ಕಿನ ಕಂಬಗಳನ್ನೂ ಒಳಗಿನ ಸೌಕರ್ಯಗಳನ್ನೂ ಹೊಗಳಿ ಬೇಕಾದಷ್ಟು ಬರಹಗಳು ಬಂದಿವೆ. ಅವುಗಳ ಸಾಲಿಗೆ ಇನ್ನೊಂದನ್ನು ಸೇರಿಸುವ ಆಸೆ ನನಗಿಲ್ಲ. ಅದೇ ವಿಳಾಸದಲ್ಲಿ 1960ರಿಂದ ಸುಮಾರು ಆರು ದಶಕಗಳ ಕಾಲ ನಿಂತಿದ್ದ, ಆ ಅವಧಿಯ ಹೆಚ್ಚಿನ ಭಾಗದಲ್ಲಿ ಒಂದಲ್ಲ ಒಂದು ಬ್ಯಾಂಕಿನ ಮುಖ್ಯ ಕಚೇರಿಯಾಗಿದ್ದ ಹಿಂದಿನ ಕಟ್ಟಡದ ಕಥೆಯನ್ನು ಮುಂದಿಟ್ಟುಕೊಂಡು ನಿಮ್ಮಲ್ಲಿ ಒಂದು ಬೇಡಿಕೆ ಸಲ್ಲಿಸುವುದು ಈ ಪತ್ರದ ಉದ್ದೇಶ. ಆ ಕಟ್ಟಡ ಮರಳಿ ಬರುವುದಿಲ್ಲ. ಆದರೆ ಅದನ್ನು ಕೆಡವುವುದಕ್ಕೆ ದಾರಿ ಮಾಡಿಕೊಟ್ಟ ವ್ಯವಸ್ಥೆ ಇಂದಿಗೂ ಜಾರಿಯಲ್ಲಿದೆ, ಮತ್ತು ಅದರ ಬೇರು ಇರುವುದು ಕಟ್ಟಡಗಳನ್ನು ಉಳಿಸಲೆಂದೇ ರೂಪಿಸಿದ ನಿಮ್ಮ ಕಾನೂನಿನಲ್ಲಿ.

ಪತ್ರದ ಇಂಗ್ಲಿಷ್ ಪ್ರತಿಯನ್ನು ಆಯೋಗದ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿ ಪ್ರಕಟಿಸುವುದಕ್ಕೂ ಕಾರಣವಿದೆ: ಆ ಕಟ್ಟಡವನ್ನು ಕಟ್ಟಿಸಿದ ಕಂಪನಿಯ ಹೆಸರು ಭಾರತೀಯರು ಮರೆಯುವಂಥದ್ದಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ನೆಲದ ಮಾತು, ಅಥವಾ ನೆಲವಿಲ್ಲದ ಜಾಗದ ಮಾತು. 1902ರ ಜನವರಿಯಲ್ಲಿ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ ದಟ್ಟೈಸಿ, ಸಿಗ್ನಲ್ ಕಾಣದೆ ಒಂದು ಉಗಿಬಂಡಿ ನಿಂತಿದ್ದ ಇನ್ನೊಂದು ರೈಲಿಗೆ ಹಿಂದಿನಿಂದ ಗುದ್ದಿ 15 ಮಂದಿ ಸತ್ತರು. ಮ್ಯಾನ್‌ಹಟನ್ನಿನೊಳಗೆ ಉಗಿಬಂಡಿಗಳನ್ನು ನಿಷೇಧಿಸುವ ಕಾನೂನು ಬಂತು. ಆಗ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಮುಖ್ಯ ಎಂಜಿನಿಯರ್ ವಿಲಿಯಂ ವಿಲ್ಗಸ್ ಅವರಿಗೆ ಹೊಳೆದದ್ದು ಇಷ್ಟು: ವಿದ್ಯುತ್ ರೈಲಿಗೆ ಹೊಗೆಯಿಲ್ಲ, ಹೊಗೆಯಿಲ್ಲದಿದ್ದರೆ ಹಳಿಗಳ ಅಂಗಳಕ್ಕೆ ಮುಚ್ಚಿಗೆ ಹಾಕಬಹುದು, ಮುಚ್ಚಿಗೆಯ ಮೇಲಿನ ಜಾಗವನ್ನು ಕಟ್ಟಡ ಕಟ್ಟುವವರಿಗೆ ಗುತ್ತಿಗೆಗೆ ಕೊಟ್ಟು ಆ ಹಣದಿಂದಲೇ ಹೊಸ ನಿಲ್ದಾಣದ ವೆಚ್ಚವನ್ನು ಭರಿಸಬಹುದು. 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಟರ್ಮಿನಲ್ ಬಾಗಿಲು ತೆರೆಯಿತು. ಅದರ ಉತ್ತರಕ್ಕೆ ಹಳಿಗಳ ನೆತ್ತಿಯ ಮೇಲೆ ಪಾರ್ಕ್ ಅವೆನ್ಯೂದ ಹೋಟೆಲುಗಳೂ ವಸತಿ ಕಟ್ಟಡಗಳೂ ಒಂದೊಂದಾಗಿ ಎದ್ದವು. ಖಾಲಿ ಆಕಾಶಕ್ಕೆ ಬೆಲೆ ಕಟ್ಟಿ ಮಾರುವ ಪದ್ಧತಿ ಈ ನಗರದಲ್ಲಿ ಬೇರೂರಿದ್ದು ಹೀಗೆ, ಇದೇ ಬೀದಿಯಲ್ಲಿ. ನಾವು ಮಾತನಾಡುತ್ತಿರುವ 47 ಮತ್ತು 48ನೇ ಬೀದಿಗಳ ನಡುವಿನ ಇಡೀ ಚೌಕದಲ್ಲಿ 1917ರಿಂದ ಮಾರ್ಗರಿ ಎಂಬ ವಸತಿ ಹೋಟೆಲಿತ್ತು.

ಅದನ್ನು ಕೆಡವಿ ಯೂನಿಯನ್ ಕಾರ್ಬೈಡ್ ಕಂಪನಿ 1957ರಿಂದ 1960ರವರೆಗೆ ತನ್ನ ಮುಖ್ಯ ಕಚೇರಿಯನ್ನು ಕಟ್ಟಿಸಿತು. ವಿನ್ಯಾಸ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆಯದು. 52 ಅಂತಸ್ತು, 215 ಮೀಟರ್ ಎತ್ತರ, ಮ್ಯಾಡಿಸನ್ ಅವೆನ್ಯೂ ಕಡೆಗೆ 12 ಅಂತಸ್ತಿನ ಒಂದು ತಗ್ಗು ಭಾಗ. ಹೊರಮೈಗೆ ಕಪ್ಪು ಲೋಹದ ಹಲಗೆ, ಗಾಜು, ಅವುಗಳ ನಡುವೆ ನೆಲದಿಂದ ತುದಿಯವರೆಗೆ ಓಡುವ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳು. ನಿವೇಶನದ ಬಹುಭಾಗದ ಕೆಳಗೆ ಗ್ರ್ಯಾಂಡ್ ಸೆಂಟ್ರಲ್‌ಗೆ ಹೋಗುವ ಹಳಿಗಳಿದ್ದವು. ಗೋಪುರದ ಕಂಬಗಳನ್ನು ಆ ಹಳಿಗಳ ನಡುವಿನ ಇಕ್ಕಟ್ಟಿನ ಸಂದುಗಳಲ್ಲಿಯೇ ಇಳಿಸಬೇಕಿತ್ತು. ಲಿಫ್ಟುಗಳಿಗೆ ಕೆಳಗೆ ಗುಂಡಿ ತೋಡಲು ಜಾಗವೇ ಇರಲಿಲ್ಲವಾದ್ದರಿಂದ ಅವು ಎರಡನೆಯ ಅಂತಸ್ತಿನಿಂದ ಹೊರಡುತ್ತಿದ್ದವು. ಬೀದಿಯಿಂದ ಬಂದವರು ಎಸ್ಕಲೇಟರ್ ಏರಿ ಅಲ್ಲಿನ ವಿಶಾಲವಾದ ಪಡಸಾಲೆ ತಲುಪುತ್ತಿದ್ದರು. ಇಕ್ಕಟ್ಟನ್ನೇ ಸೊಗಸಾಗಿ ಮಾರ್ಪಡಿಸಿದ ಇಂಥ ಪರಿಹಾರಗಳು ನನ್ನ ಮಟ್ಟಿಗೆ ಆ ಕಟ್ಟಡದ ನಿಜವಾದ ಹೆಗ್ಗಳಿಕೆ. ಪಾರ್ಕ್ ಅವೆನ್ಯೂದಲ್ಲಿ ಲೀವರ್ ಹೌಸ್ ಮತ್ತು ಸೀಗ್ರಾಮ್ ಕಟ್ಟಡಗಳನ್ನು ನೋಡಲು ಬರುವ ವಾಸ್ತುಶಿಲ್ಪ ವಿದ್ಯಾರ್ಥಿಗಳು ಈ ಮೂರನೆಯದನ್ನು ಅಷ್ಟಾಗಿ ಗಮನಿಸುತ್ತಿರಲಿಲ್ಲವೆಂದರೆ ಅದಕ್ಕೆ ಕಾರಣ ಅದರ ಕೊರತೆಗಿಂತ ನೆರೆಹೊರೆಯ ಖ್ಯಾತಿ.

ವಿನ್ಯಾಸದ ಶ್ರೇಯಸ್ಸು ಬಹಳ ಕಾಲ ಆ ಸಂಸ್ಥೆಯ ವಾಸ್ತುಶಿಲ್ಪಿ ಗಾರ್ಡನ್ ಬನ್ಶಾಫ್ಟ್ ಒಬ್ಬರ ಹೆಸರಿನಲ್ಲಿಯೇ ಇತ್ತು. ಅವರ ಜೊತೆ ಹಿರಿಯ ವಿನ್ಯಾಸಕಿಯಾಗಿ ಕೆಲಸ ಮಾಡಿದವರು ನಟಾಲಿ ಡಿ ಬ್ಲೋಯಿ. 1944ರಲ್ಲಿ ಆ ಸಂಸ್ಥೆ ಸೇರಿದ ಅವರ ಕೈ ಲೀವರ್ ಹೌಸ್‌ನಲ್ಲಿದೆ, ಪೆಪ್ಸಿ-ಕೋಲಾ ಕಟ್ಟಡದಲ್ಲಿದೆ. ಗಂಡಸರ ಹೆಸರಿಗೆ ಸಂದ ಎಷ್ಟೋ ಕೆಲಸಗಳ ಹಿಂದೆ ಇದ್ದದ್ದು ಅವರೇ ಎಂದು ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ನಥಾನಿಯಲ್ ಓವಿಂಗ್ಸ್ ಮುಂದೆ ಬರಹದಲ್ಲಿಯೇ ಒಪ್ಪಿಕೊಂಡರು. ಒಬ್ಬ ಮಹಿಳೆ ಪ್ರಧಾನ ಪಾತ್ರ ವಹಿಸಿ ರೂಪಿಸಿದ ಇಷ್ಟು ಎತ್ತರದ ಕಚೇರಿ ಗೋಪುರ ಆ ಕಾಲದಲ್ಲಿ ಅಪರೂಪ. ಈ ಒಂದು ಕಾರಣಕ್ಕಾದರೂ ಕಟ್ಟಡ ನಿಮ್ಮ ಮೇಜಿನ ಮೇಲೆ ಬರಬೇಕಿತ್ತು. ಡಿ ಬ್ಲೋಯಿ 2013ರಲ್ಲಿ ತೀರಿಕೊಂಡರು. ಕಟ್ಟಡ ಕೆಡವುವ ಸುದ್ದಿ ಅವರ ಕಿವಿಗೆ ಬೀಳಲಿಲ್ಲ.

ಇನ್ನು ಬ್ಯಾಂಕುಗಳ ಕಾಲ. ಯೂನಿಯನ್ ಕಾರ್ಬೈಡ್ ಕನೆಕ್ಟಿಕಟ್‌ನ ಡ್ಯಾನ್‌ಬರಿಗೆ ಹೊರಡಲು ತೀರ್ಮಾನಿಸಿ 1978ರಲ್ಲಿ ಕಟ್ಟಡವನ್ನು ಮ್ಯಾನುಫ್ಯಾಕ್ಚರರ್ಸ್ ಹ್ಯಾನೋವರ್ ಬ್ಯಾಂಕಿಗೆ ಮಾರಿತು. 1991ರ ಕೊನೆಗೆ ಆ ಬ್ಯಾಂಕು ಕೆಮಿಕಲ್ ಬ್ಯಾಂಕಿನೊಳಗೆ ವಿಲೀನವಾಯಿತು, ಕೆಮಿಕಲ್ ತನ್ನ ಗಾದಿಯನ್ನು ಇಲ್ಲಿ ಹಾಕಿತು. 1996ರಲ್ಲಿ ಕೆಮಿಕಲ್ ಚೇಸ್ ಮ್ಯಾನ್‌ಹಟನ್ನನ್ನು ಕೊಂಡು, ಕೊಂಡವನೇ ಕೊಂಡದ್ದರ ಹೆಸರನ್ನು ಇಟ್ಟುಕೊಂಡ. 2000ದ ಕೊನೆಗೆ ಚೇಸ್ ಜೆಪಿ ಮಾರ್ಗನ್ನನ್ನು ಸೇರಿಸಿಕೊಂಡಿತು. 2008ರ ಮಾರ್ಚ್‌ನಲ್ಲಿ, 47ನೇ ಬೀದಿಯ ಆಚೆ ಬದಿಯ ಗೋಪುರದಲ್ಲಿದ್ದ ಹೂಡಿಕೆ ಬ್ಯಾಂಕು ಬೇರ್ ಸ್ಟರ್ನ್ಸ್ ಕುಸಿದಾಗ, ಅದನ್ನು ಮೊದಲು ಷೇರಿಗೆ 2 ಡಾಲರಿನಂತೆ, ಆಮೇಲೆ 10 ಡಾಲರಿನಂತೆ ಕೊಳ್ಳಲು ಮುಂದಾದ ಬ್ಯಾಂಕಿನ ಮುಖ್ಯ ಕಚೇರಿ ಇದ್ದದ್ದೂ 270ರಲ್ಲಿಯೇ. ಅಮೆರಿಕದ ಬ್ಯಾಂಕಿಂಗ್ ಕಳೆದ ನಲವತ್ತು ವರ್ಷಗಳಲ್ಲಿ ಹೇಗೆ ಕೆಲವೇ ಕೈಗಳಿಗೆ ಬಂದು ಸೇರಿತು ಎಂಬುದನ್ನು ಒಂದೇ ವಿಳಾಸದ ಮೇಲೆ ಓದಬಹುದಾಗಿದ್ದ ಜಾಗ ಬೇರೆ ಎಷ್ಟಿವೆ? ನಿಮ್ಮ ಕಾನೂನು ವಾಸ್ತು ಸೌಂದರ್ಯವನ್ನು ಮಾತ್ರ ಕೇಳುವುದಿಲ್ಲ, ಐತಿಹಾಸಿಕ ಮಹತ್ವವನ್ನೂ ಕೇಳುತ್ತದೆ. ಆ ಮಹತ್ವ ಇಲ್ಲಿ ಧಾರಾಳವಾಗಿತ್ತು.

ಈಗ ಭೋಪಾಲದ ಮಾತು. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತಾಗ ಯೂನಿಯನ್ ಕಾರ್ಬೈಡ್ ಪಾರ್ಕ್ ಅವೆನ್ಯೂ ಬಿಟ್ಟು ಹೋಗಿತ್ತು. ಆದರೆ ಕಾರ್ಖಾನೆ 1969ರಲ್ಲಿ ಆರಂಭವಾದಾಗಲೂ, ಆ ರಾತ್ರಿ ಸೋರಿದ ಮೀಥೈಲ್ ಐಸೋಸಯನೇಟನ್ನು ಅಲ್ಲಿಯೇ ತಯಾರಿಸುವ ಘಟಕದ ಯೋಜನೆ ಎಪ್ಪತ್ತರ ದಶಕದಲ್ಲಿ ರೂಪುಗೊಂಡಾಗಲೂ ಕಂಪನಿಯ ಮುಖ್ಯ ಕಚೇರಿ ಈ ಕಟ್ಟಡವೇ. ಭಾರತದ ಅಂಗಸಂಸ್ಥೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಾಲು ಈ ಮಾತೃಸಂಸ್ಥೆಯದಾಗಿತ್ತು. ಇಂಥ ಕಂಪನಿಯ ಕಟ್ಟಡವನ್ನು ಉಳಿಸಬೇಕಿತ್ತೆಂದು ಒಬ್ಬ ಭಾರತೀಯ ವಾದಿಸುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಸಂರಕ್ಷಿತ ಪಟ್ಟಿಗೆ ಸೇರಿಸುವುದೆಂದರೆ ಕಟ್ಟಿಸಿದವನಿಗೆ ಹಾರ ಹಾಕುವುದಲ್ಲ. ಸಾಕ್ಷಿಯನ್ನು ಸ್ಥಳದಲ್ಲಿಯೇ ಇರಿಸುವುದು. ಒಂದು ಖಂಡದಲ್ಲಿ ಕುಳಿತು ಇನ್ನೊಂದು ಖಂಡದ ಕಾರ್ಖಾನೆಯ ಮೇಲೆ ಹಿಡಿತ ಇಟ್ಟುಕೊಂಡವರು ಎಂಥ ಕಟ್ಟಡದಿಂದ ವ್ಯವಹಾರ ನಡೆಸಿದರು ಎಂಬುದನ್ನು ತೋರಿಸಲು ಈಗ ಹಳೆಯ ಫೋಟೋಗಳಷ್ಟೇ ಉಳಿದಿವೆ.

ಇಷ್ಟೆಲ್ಲ ಇದ್ದ ಕಟ್ಟಡ ಹೇಗೆ ಹೋಯಿತು ಎಂಬುದೇ ನನ್ನ ಮನವಿಯ ತಿರುಳು. 1963ರಲ್ಲಿ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿದ್ದರಿಂದ ಎದ್ದ ಆಕ್ರೋಶ 1965ರ ಏಪ್ರಿಲ್‌ನಲ್ಲಿ ನಿಮ್ಮ ಆಯೋಗವನ್ನು ಹುಟ್ಟಿಸಿತು. 1967ರಲ್ಲಿ ನೀವು ಗ್ರ್ಯಾಂಡ್ ಸೆಂಟ್ರಲ್ಲನ್ನು ಸ್ಮಾರಕವೆಂದು ಘೋಷಿಸಿದಿರಿ. ಅದರ ನೆತ್ತಿಯ ಮೇಲೆ ಮಾರ್ಸೆಲ್ ಬ್ರಾಯರ್ ವಿನ್ಯಾಸದ ಕಚೇರಿ ಗೋಪುರ ಎಬ್ಬಿಸುವ ಯೋಜನೆಯನ್ನು ತಿರಸ್ಕರಿಸಿದಾಗ ನಿಲ್ದಾಣದ ಒಡೆತನ ಹೊಂದಿದ್ದ ಪೆನ್ ಸೆಂಟ್ರಲ್ ರೈಲ್ವೆ ಕಂಪನಿ ನ್ಯಾಯಾಲಯಕ್ಕೆ ಹೋಯಿತು, ಮತ್ತು 1978ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ನಗರದ ಪರವಾಗಿ ತೀರ್ಪಿತ್ತಿತು. ಕಂಪನಿಗೆ ಅನ್ಯಾಯವಾಗಿಲ್ಲವೆನ್ನಲು ನ್ಯಾಯಾಲಯ ಪರಿಗಣಿಸಿದ ಅಂಶಗಳಲ್ಲಿ ಒಂದು, ಸ್ಮಾರಕದ ಮೇಲೆ ಕಟ್ಟಲಾಗದ ಚದರ ಅಡಿಗಳನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸಬಹುದು ಎಂಬುದು. ನಮ್ಮ ಓದುಗರು ಟಿಡಿಆರ್ ಎಂದು ಕರೆಯುವ ಅಭಿವೃದ್ಧಿ ಹಕ್ಕಿನ ವರ್ಗಾವಣೆ ಇದೇ. ಹಾಗಾಗಿ ಸ್ಮಾರಕ ಸಂರಕ್ಷಣೆಗೂ ಆಕಾಶದ ಮಾರಾಟಕ್ಕೂ ಗಂಟು ಬಿದ್ದದ್ದು ಹೊಸತಲ್ಲ, ಅದನ್ನು ನಾನು ತಪ್ಪೆಂದೂ ಹೇಳುವುದಿಲ್ಲ. ಆ ಗಂಟು ಇಲ್ಲದಿದ್ದರೆ ಗ್ರ್ಯಾಂಡ್ ಸೆಂಟ್ರಲ್ ಇವತ್ತು ಇರುತ್ತಿತ್ತೋ ಇಲ್ಲವೋ.

ಮುಂದಿನ ತಿರುವು 2017ರ ಆಗಸ್ಟ್‌ನದು. ಗ್ರ್ಯಾಂಡ್ ಸೆಂಟ್ರಲ್ ಸುತ್ತಲಿನ ಈಸ್ಟ್ ಮಿಡ್‌ಟೌನ್ ಪ್ರದೇಶಕ್ಕೆ ಸಿಟಿ ಕೌನ್ಸಿಲ್ ಹೊಸ ವಲಯ ನಿಯಮ (ಎಲ್ಲಿ ಏನನ್ನು, ಎಷ್ಟು ಕಟ್ಟಬಹುದು ಎಂಬ ನಿಯಮ) ಒಪ್ಪಿತು. ಅದರಂತೆ ಸ್ಮಾರಕಗಳ ಹಕ್ಕುಗಳು ಪಕ್ಕದ ನಿವೇಶನಗಳಿಗೆ ಮಾತ್ರವಲ್ಲದೆ ಇಡೀ ಪ್ರದೇಶದ ಉದ್ದಗಲಕ್ಕೂ ಹೋಗಬಹುದಾಯಿತು. ಮಾರಾಟದ ಹಣದಲ್ಲಿ ಕನಿಷ್ಠ 20 ಶೇಕಡಾ ಸಾರ್ವಜನಿಕ ಜಾಗಗಳ ನಿಧಿಗೆ ಸಲ್ಲಬೇಕೆಂಬ ಷರತ್ತೂ ಸೇರಿತು. ಆರು ತಿಂಗಳು ಕಳೆದು, 2018ರ ಫೆಬ್ರುವರಿಯಲ್ಲಿ, ಬ್ಯಾಂಕು ತನ್ನ ಮುಖ್ಯ ಕಚೇರಿಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುವುದಾಗಿ ಪ್ರಕಟಿಸಿತು. ಹೊಸ ನಿಯಮವನ್ನು ಬಳಸಿದ ಮೊದಲ ದೊಡ್ಡ ಯೋಜನೆ ಅದು. ಗ್ರ್ಯಾಂಡ್ ಸೆಂಟ್ರಲ್ ಪಾಲಿನ ಸುಮಾರು 6 ಲಕ್ಷ 80 ಸಾವಿರ ಚದರ ಅಡಿ ಹಕ್ಕನ್ನೂ ಸೇಂಟ್ ಬಾರ್ಥಲೋಮ್ಯೂ ಚರ್ಚಿನ ಸುಮಾರು 50 ಸಾವಿರ ಚದರ ಅಡಿಯನ್ನೂ ಬ್ಯಾಂಕು ಕೊಂಡಿತು. ಆ ಚರ್ಚಿನ ಹೆಸರು ಆಯೋಗದ ಹಳಬರಿಗೆ ಚೆನ್ನಾಗಿ ನೆನಪಿರಬೇಕು: ಎಂಬತ್ತರ ದಶಕದಲ್ಲಿ ತನ್ನ ಸಮುದಾಯ ಭವನವನ್ನು ಕೆಡವಿ ಕಚೇರಿ ಗೋಪುರ ಕಟ್ಟಲು ಹೊರಟು, ನಿಮ್ಮೊಡನೆ ನ್ಯಾಯಾಲಯದಲ್ಲಿ ಹೋರಾಡಿ, 1990ರಲ್ಲಿ ಸೋತದ್ದು ಅದೇ ಚರ್ಚು. ಅಂದರೆ ನೀವು ಎರಡು ದೊಡ್ಡ ಮೊಕದ್ದಮೆಗಳಲ್ಲಿ ಕಟ್ಟಲು ಬಿಡದೆ ತಡೆದ ಚದರ ಅಡಿಗಳೇ ಬಂದು, ಮೂರನೆಯ ಕಟ್ಟಡವೊಂದನ್ನು ನೆಲಸಮ ಮಾಡುವುದನ್ನು ಲಾಭದಾಯಕವಾಗಿಸಿದವು.

2019ರಲ್ಲಿ ಶುರುವಾದ ಕೆಲಸ 2021ರಲ್ಲಿ ಮುಗಿಯಿತು. ಒಡೆಯನೇ ಇಚ್ಛೆಪಟ್ಟು ಕೆಡವಿಸಿದ ಕಟ್ಟಡಗಳಲ್ಲಿ ಜಗತ್ತಿನಲ್ಲಿ ಅದುವರೆಗೆ ಇಷ್ಟು ಎತ್ತರದ್ದು ಇರಲಿಲ್ಲ. ಅದಕ್ಕೆ ಮುಂಚಿನ ದಾಖಲೆ ಇದೇ ನಗರದ, 187 ಮೀಟರ್ ಎತ್ತರದ ಸಿಂಗರ್ ಕಟ್ಟಡದ್ದು. ಅದನ್ನು ಉರುಳಿಸಿದ್ದು ಅರವತ್ತರ ದಶಕದ ಕೊನೆಯಲ್ಲಿ. ಆಗಲೂ ನಿಮ್ಮ ಆಯೋಗ ಅಸ್ತಿತ್ವದಲ್ಲಿತ್ತು ಎಂಬುದನ್ನು ಕಹಿಯಿಲ್ಲದೆಯೇ ಜ್ಞಾಪಿಸುತ್ತೇನೆ.

ಬ್ಯಾಂಕಿನ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸುಮಾರು 3,500 ಜನರಿಗೆಂದು ಕಟ್ಟಿದ ಕಟ್ಟಡದಲ್ಲಿ 6,000 ಜನ ಕೆಲಸ ಮಾಡುತ್ತಿದ್ದಾರೆಂದು ಅದು ಹೇಳಿತು. ಅರವತ್ತರ ದಶಕದ ಕಚೇರಿಗಳ ಛಾವಣಿ ತಗ್ಗು, ಕಂಬಗಳು ಹತ್ತಿರ ಹತ್ತಿರ. ನೂರಾರು ಜನ ಒಂದೇ ಹಜಾರದಲ್ಲಿ ಕುಳಿತು ಷೇರು ವಹಿವಾಟು ನಡೆಸುವ ಇಂದಿನ ಪದ್ಧತಿಗೆ ಅವು ಒಗ್ಗುವುದಿಲ್ಲ ಎಂಬುದರಲ್ಲಿಯೂ ಹುರುಳಿದೆ. ಆದರೆ ಇನ್ನೊಂದು ಪಕ್ಕವಿದೆ. ಇದೇ ಬ್ಯಾಂಕು ಇದೇ ಕಟ್ಟಡವನ್ನು ಪೂರ್ತಿಯಾಗಿ ನವೀಕರಿಸಿ, ಪರಿಸರಸ್ನೇಹಿ ಕಟ್ಟಡಗಳಿಗೆ ಸಿಗುವ ಅತ್ಯುನ್ನತ ಶ್ರೇಣಿಯಾದ ಲೀಡ್ ಪ್ಲಾಟಿನಂ ಮನ್ನಣೆಯನ್ನು ಪಡೆದು ಹತ್ತು ವರ್ಷವೂ ಆಗಿರಲಿಲ್ಲ. ಹೊಸ ಗೋಪುರ ಸಂಪೂರ್ಣ ವಿದ್ಯುತ್ತಿನಿಂದ, ಅದೂ ಜಲವಿದ್ಯುತ್ತಿನಿಂದ ನಡೆಯುತ್ತದೆ, ಹಳೆಯದರ ಅವಶೇಷದ ಬಹುಪಾಲನ್ನು ಮರುಬಳಕೆಗೆ ಕಳುಹಿಸಲಾಯಿತು ಎಂಬ ವಿವರಗಳನ್ನು ಒಪ್ಪೋಣ. ಆದರೂ ಒಂದು ಗೋಪುರದ ಉಕ್ಕನ್ನು ಕರಗಿಸಿ ಇನ್ನೊಂದರ ಉಕ್ಕನ್ನು ಎರಕ ಹೊಯ್ಯುವಾಗ, ಕಾಂಕ್ರೀಟು ತಯಾರಿಸುವಾಗ, ಸಾಗಿಸುವಾಗ ಹೊರಬೀಳುವ ಇಂಗಾಲ ಮೊದಲ ದಿನವೇ ಗಾಳಿಗೆ ಸೇರಿಬಿಡುತ್ತದೆ. ದಿನದಿನದ ವಿದ್ಯುತ್ ಉಳಿತಾಯದಿಂದ ಆ ಸಾಲ ತೀರಲು ದಶಕಗಳು ಬೇಕು. ಈ ಲೆಕ್ಕವನ್ನು ಯಾರಾದರೂ ಸಾರ್ವಜನಿಕರ ಮುಂದೆ ಕುಳಿತು ಮಾಡಬೇಕಿತ್ತು. ಅದಕ್ಕೆ ವೇದಿಕೆಯೇ ಒದಗಲಿಲ್ಲ.

ಇದೇ ಬ್ಯಾಂಕಿನ ಇನ್ನೊಂದು ಕಟ್ಟಡದ ಗತಿಯನ್ನು ಹೋಲಿಸಿ ನೋಡಿ. ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಹಿರಿಯ ಅಧಿಕಾರಿ ಡೇವಿಡ್ ರಾಕ್‌ಫೆಲ್ಲರ್ ಅವರ ಒತ್ತಾಸೆಯಿಂದ ವಾಲ್ ಸ್ಟ್ರೀಟಿನ ಬಳಿ 1961ರಲ್ಲಿ ಎದ್ದ 60 ಅಂತಸ್ತಿನ, 248 ಮೀಟರ್ ಎತ್ತರದ ಒನ್ ಚೇಸ್ ಮ್ಯಾನ್‌ಹಟನ್ ಪ್ಲಾಜಾ ಕೂಡ ಬನ್ಶಾಫ್ಟ್ ಅವರದೇ, ಅದೇ ಸಂಸ್ಥೆಯದೇ. ಆರ್ಥಿಕ ಚಟುವಟಿಕೆ ಮಿಡ್‌ಟೌನ್ ಕಡೆಗೆ ಹರಿದುಹೋಗುತ್ತಿದ್ದ ಹೊತ್ತಿನಲ್ಲಿ ಒಂದು ಬ್ಯಾಂಕು ಹಳೆಯ ಪೇಟೆಯಲ್ಲಿಯೇ ಉಳಿಯುತ್ತೇನೆಂದು ಹಟ ಹಿಡಿದು ಕಟ್ಟಿಸಿದ್ದು ಅದು. ಅಂಗಳದಲ್ಲಿ ಇಸಾಮು ನೊಗುಚಿ ಅವರ ತಗ್ಗಿನ ಉದ್ಯಾನವಿದೆ, ಜಾನ್ ದ್ಯೂಬುಫೆ ಅವರ ಕಪ್ಪು-ಬಿಳುಪು ಮರಗಳ ಶಿಲ್ಪವಿದೆ. 2009ರಲ್ಲಿ ನೀವು ಅದನ್ನು ಸ್ಮಾರಕವೆಂದು ಘೋಷಿಸಿದಿರಿ. 2013ರಲ್ಲಿ ಬ್ಯಾಂಕು ಅದನ್ನು 72.5 ಕೋಟಿ ಡಾಲರಿಗೆ ಚೀನಾದ ಫೋಸುನ್ ಕಂಪನಿಗೆ ಮಾರಿತು. ಹೆಸರು ಬದಲಾಯಿತು, ಒಡೆತನ ಸಾಗರ ದಾಟಿತು, ಕಟ್ಟಡ ನಿಂತಿದೆ. ಘೋಷಣೆಯಿಂದ ಅದರ ಬೆಲೆ ಬಿದ್ದುಹೋಗಲಿಲ್ಲ, ಬಾಡಿಗೆದಾರರು ಓಡಿಹೋಗಲಿಲ್ಲ.

ಹಾಗೆಯೇ 2016. ಈಸ್ಟ್ ಮಿಡ್‌ಟೌನ್‌ಗೆ ಹೊಸ ವಲಯ ನಿಯಮ ಬರುವುದು ಗೊತ್ತಿದ್ದು, ಅದಕ್ಕೆ ಮೊದಲೇ ಉಳಿಸಬೇಕಾದವುಗಳನ್ನು ಗುರುತಿಸುವುದಕ್ಕೆಂದು ನೀವು ನಡೆಸಿದ ಕಾರ್ಯದಲ್ಲಿ 12 ಕಟ್ಟಡಗಳನ್ನು ಪಟ್ಟಿಗೆ ಸೇರಿಸಿದಿರಿ. ದೂರದೃಷ್ಟಿಯ ಕೆಲಸ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಆ 12ರಲ್ಲಿ ಎರಡನೆಯ ಮಹಾಯುದ್ಧದ ನಂತರದ್ದು ಒಂದೇ ಒಂದು: 1977ರ ಸಿಟಿಕಾರ್ಪ್ ಸೆಂಟರ್, ಅದೂ ಒಂದು ಬ್ಯಾಂಕಿನ ಗೋಪುರ. ನಿಮ್ಮ ಕಾನೂನಿನಲ್ಲಿ ಘೋಷಣೆಗೆ ಕಟ್ಟಡಕ್ಕೆ 30 ವರ್ಷ ತುಂಬಿರಬೇಕು. 270 ಪಾರ್ಕ್ ಅವೆನ್ಯೂಗೆ 30 ತುಂಬಿದ್ದು 1990ರಲ್ಲಿ. ಅಲ್ಲಿಂದ ಕೆಡವುವ ಪ್ರಕಟಣೆಯವರೆಗೆ 28 ವರ್ಷ ಅದು ಅರ್ಹವಾಗಿಯೇ ಇತ್ತು. ಪಟ್ಟಿಗೆ ಮಾತ್ರ ಸೇರಲಿಲ್ಲ. ಕಲ್ಲು, ಇಟ್ಟಿಗೆ, ಕೆತ್ತನೆ ಇದ್ದರೆ ಹಳೆಯದು, ಗಾಜು-ಉಕ್ಕು ಇದ್ದರೆ ಬರೀ ಕಚೇರಿ ಎಂಬ ಭಾವನೆ ಜನಸಾಮಾನ್ಯರಲ್ಲಿ ಇರುವುದು ಸಹಜ. ಆಯೋಗದ ಪಟ್ಟಿಯಲ್ಲಿಯೂ ಅದರ ನೆರಳು ಕಂಡರೆ ಆತಂಕವಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಸ್ಮಾರಕವೊಂದರ ಹಕ್ಕು ಮಾರಾಟವಾಗುವಾಗ, ಆ ಹಣದಿಂದ ಸ್ಮಾರಕದ ನಿರಂತರ ನಿರ್ವಹಣೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ವರದಿ ನೀಡುವ ಹೊಣೆ ಈಗಾಗಲೇ ಆಯೋಗದ ಮೇಲಿದೆ. ಕೊಡುವ ಕಟ್ಟಡವನ್ನು ಪರಿಶೀಲಿಸುವ ನೀವು ಪಡೆಯುವ ನಿವೇಶನವನ್ನೂ ಪರಿಶೀಲಿಸಿ. ಅಲ್ಲಿ 30 ವರ್ಷ ಮೀರಿದ ಕಟ್ಟಡವಿದ್ದರೆ, ಅದರ ವಾಸ್ತು ಮತ್ತು ಇತಿಹಾಸದ ಕುರಿತ ಟಿಪ್ಪಣಿಯನ್ನು ಪ್ರಕಟಿಸಿ, ಬಹಿರಂಗ ವಿಚಾರಣೆ ನಡೆಸಿ, ಘೋಷಿಸುತ್ತೇವೆ ಅಥವಾ ಘೋಷಿಸುವುದಿಲ್ಲ ಎಂಬ ನಿರ್ಧಾರವನ್ನು ಕಾರಣಸಹಿತ ಬರವಣಿಗೆಯಲ್ಲಿ ಕೊಡಿ. ಪ್ರತಿ ಕಟ್ಟಡವನ್ನೂ ಉಳಿಸಿ ಎಂದು ಕೇಳುತ್ತಿಲ್ಲ. ಹಲವು ಗೋಪುರಗಳ ವಿಷಯದಲ್ಲಿ ಬೇಡ ಎಂಬ ಉತ್ತರವೇ ಸರಿಯಾಗಿರಬಹುದು. ವಲಯ ನಿಯಮವನ್ನು ತಿದ್ದುವ ಅಧಿಕಾರ ನಗರ ಯೋಜನಾ ಆಯೋಗಕ್ಕೂ ಸಿಟಿ ಕೌನ್ಸಿಲ್‌ಗೂ ಸೇರಿದ್ದು ಎಂಬುದು ತಿಳಿದಿದೆ, ಈ ಪತ್ರದ ಪ್ರತಿಗಳು ಅವರಿಗೂ ಹೋಗುತ್ತಿವೆ. ಆದರೆ ತಿದ್ದುಪಡಿಗೆ ಕಾಯದೆ ಮಾಡಬಹುದಾದದ್ದೂ ಇದೆ: ಈಸ್ಟ್ ಮಿಡ್‌ಟೌನ್‌ನಲ್ಲಿ 1945ರಿಂದ ಈಚೆಗೆ ಎದ್ದ, 30 ವರ್ಷ ತುಂಬಿದ ಕಚೇರಿ ಗೋಪುರಗಳ ಸಮೀಕ್ಷೆಯನ್ನು ಈ ವರ್ಷವೇ ಕೈಗೆತ್ತಿಕೊಳ್ಳಲು ನಿಮಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅದರಲ್ಲಿ ವಿನ್ಯಾಸಕರ ಹೆಸರುಗಳನ್ನು ದಾಖಲಿಸುವಾಗ ಸಂಸ್ಥೆಯ ಪ್ರಧಾನ ಪಾಲುದಾರರಿಗೆ ನಿಲ್ಲದೆ, ನಕ್ಷೆಗಳ ಮೇಲೆ ನಿಜವಾಗಿ ಕೆಲಸ ಮಾಡಿದವರನ್ನೂ ಹೆಸರಿಸಬೇಕೆಂದು ವಿನಂತಿಸುತ್ತೇನೆ.

ಕೊನೆಯದಾಗಿ, ಘೋಷಣೆಯಾಗದೆ ಕೆಡವಲಾಗುವ ಕಟ್ಟಡಗಳ ಅಳತೆ ಸಹಿತ ನಕ್ಷೆ, ಛಾಯಾಚಿತ್ರ ಮತ್ತು ಬಾಡಿಗೆ-ಒಡೆತನದ ದಾಖಲೆಗಳನ್ನು ಸಾರ್ವಜನಿಕ ಸಂಗ್ರಹಾಲಯವೊಂದಕ್ಕೆ ಒಪ್ಪಿಸುವುದನ್ನು ಹಕ್ಕು ವರ್ಗಾವಣೆಯ ಷರತ್ತಾಗಿಸಲು ಶಿಫಾರಸು ಮಾಡಿ. ಅದರ ವೆಚ್ಚವನ್ನು ಹಕ್ಕು ಕೊಳ್ಳುವವರೇ ಭರಿಸಲಿ. ಲಕ್ಷಾಂತರ ಚದರ ಅಡಿ ಆಕಾಶವನ್ನು ಕೊಳ್ಳಬಲ್ಲವರಿಗೆ ಅದು ಹೊರೆಯಾಗದು.

ಇತಿ,
ತಮ್ಮ ವಿಶ್ವಾಸಿ,
ನಗರಗಳ ಇತಿಹಾಸದ ಒಬ್ಬ ವಿದ್ಯಾರ್ಥಿ